ಕೋಟೆ, ದುರ್ಗ, ಅಗಳು: ಮಲೆನಾಡಿನ ಕಾವಲಿನ ಮಾತುಗಳು

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗ ಪೇಟೆಯಲ್ಲಿ ಕೋಟೆಯ ಗೋಡೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಕೋಟೆ ರಸ್ತೆ, ಕೋಟೆ ಆಂಜನೇಯ, ಕೋಟೆ ಮಾರಿಕಾಂಬೆ ಅಂತ ದಿನಾ ಹೇಳುತ್ತಲೇ ಇರುತ್ತೇವೆ. ಕಲ್ಲು ಹೋದರೂ ಮಾತು ಉಳಿಯುತ್ತದೆ. ಅದಕ್ಕೇ ಇವತ್ತು ರಾಜರ ಕಥೆಗಿಂತ ಜಾಸ್ತಿ ಆ ಮಾತುಗಳ ಬಗ್ಗೆ ಹೇಳಬೇಕು ಅನ್ನಿಸಿತು.

ಮೊದಲು 'ಕೋಟೆ'. ತೆಲುಗಿನಲ್ಲಿ ಕೋಟ, ತಮಿಳಿನಲ್ಲಿ ಕೋಟ್ಟೈ, ಮಲಯಾಳದಲ್ಲಿ ಕೋಟ್ಟ. ಸಂಸ್ಕೃತದಲ್ಲೂ 'ಕೋಟ್ಟ' ಇದೆ. ಅದು ದ್ರಾವಿಡ ಭಾಷೆಗಳಿಂದ ಅಲ್ಲಿಗೆ ಹೋದದ್ದು ಅಂತ ಅನೇಕ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಬಾಗಲಕೋಟೆ ಇರಲಿ, ದೂರದ ಪಠಾಣ್‌ಕೋಟ್ ಇರಲಿ, ಬಾಲಕ್ಕೆ ಇದೇ ಪದ ಅಂಟಿಕೊಂಡಿದೆ.

ಕೋಟೆ ಗೋಡೆಯ ಕಾವಲು ಗೋಪುರಕ್ಕೆ ಹೇಳುವ 'ಬುರುಜು' ಅರಬ್ಬಿಯಿಂದ ಬಂದದ್ದು. ದುಬೈನ ಬುರ್ಜ್ ಖಲೀಫಾದಲ್ಲಿ ಇರುವುದೂ ಅದೇ ಬುರುಜು! 'ಕಿಲ್ಲೆ' ಕೂಡ ಅರಬ್ಬಿ ಮೂಲದ್ದೇ.

'ದುರ್ಗ' ಮಾತ್ರ ಸಂಸ್ಕೃತ. 'ದುರ್' ಅಂದರೆ ಕಷ್ಟ, 'ಗ' ಅಂದರೆ ಹೋಗುವುದು. ಹೋಗಲಿಕ್ಕೆ ಕಷ್ಟವಾದ ಜಾಗ. ಇದರಲ್ಲಿ ಗೋಡೆಯ ಮಾತೇ ಇಲ್ಲ, ನೋಡಿ. ಕೌಟಿಲ್ಯ ಹೇಳುವ ನಾಲ್ಕು ಬಗೆಯ ದುರ್ಗಗಳಲ್ಲಿ ಒಂದನ್ನು ನೀರು ಕಾಯುತ್ತದೆ, ಒಂದನ್ನು ಬೆಟ್ಟ, ಒಂದನ್ನು ಮರುಭೂಮಿ, ಒಂದನ್ನು ಕಾಡು. ಮರುಭೂಮಿ ಬಿಟ್ಟರೆ ಉಳಿದ ಮೂರೂ ಮಲೆನಾಡಿನವರಿಗೆ ಹುಟ್ಟಿನಿಂದಲೇ ಸಿಕ್ಕಿವೆ ಅಲ್ವಾ?

ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ, ಕೆಳದಿ ನಾಯಕರ ಬೆಟ್ಟದ ಕೋಟೆ ಕವಲೇದುರ್ಗ ಹತ್ತಿದವರಿಗೆ ಇದು ಮೈಯಲ್ಲೇ ಗೊತ್ತಾಗುತ್ತದೆ. ಗದ್ದೆ ದಾಟಿ, ಕಾಡು ಹೊಕ್ಕು ಏರಬೇಕು. ಒಂದು ಬಾಗಿಲು ದಾಟಿದರೆ ಮತ್ತೊಂದು, ಅದು ದಾಟಿದರೆ ಇನ್ನೊಂದು. ಬಾಗಿಲ ಎರಡೂ ಕಡೆ ಕಾವಲಿನವರು ಕೂರುವ ಜಾಗ. ದೊಡ್ಡ ದೊಡ್ಡ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ ಗೋಡೆ ಎಬ್ಬಿಸಿದ್ದಾರೆ. ಮೇಲೆ ಹೋದರೆ ಕೊಳಗಳಿವೆ. ಮುತ್ತಿಗೆ ಬಿದ್ದಾಗ ಒಳಗೆ ನೀರಿಲ್ಲದಿದ್ದರೆ ಎಂಥ ಗೋಡೆ ಇದ್ದೂ ಏನು ಪ್ರಯೋಜನ? ಕೆಳದಿಯ ನಾಯಕರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಅವರ ರಾಜಧಾನಿ ಬಿದನೂರನ್ನೇ ತಗೊಳ್ಳಿ. ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಸುತ್ತಲೂ ಗುಡ್ಡ, ದಟ್ಟ ಕಾಡು. ಊರಿನ ಹೆಸರಲ್ಲೇ ಬಿದಿರು ಇದೆ. 1763ರಲ್ಲಿ ಹೈದರಾಲಿ ಅದನ್ನು ಗೆದ್ದದ್ದು ಹೇಗೆ? ಸೆರೆಯಲ್ಲಿದ್ದ ಹಳೆಯ ಮಂತ್ರಿಯೊಬ್ಬ ಗುಟ್ಟಿನ ದಾರಿ ತೋರಿಸಿದ ಅಂತ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಹೋಗಲಿಕ್ಕೆ ಕಷ್ಟ ಅನ್ನುವುದೇ ಬಲ ಆಗಿದ್ದ ಕಡೆ, ದಾರಿ ಬಯಲಾದ ಮೇಲೆ ಉಳಿಯುವುದೇನು? ನಮ್ಮ ಮಲೆನಾಡಿನ ರಕ್ಷಣೆ ಗೋಡೆಗಿಂತ ಹೆಚ್ಚಾಗಿ ನೆಲವನ್ನು ನಂಬಿತ್ತು ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಇನ್ನು ನನಗೆ ತುಂಬ ಪ್ರೀತಿಯ ಪದಕ್ಕೆ ಬರುತ್ತೇನೆ. ಅದು 'ಅಗಳು'. ಅಗೆದದ್ದು ಅಗಳು, ಅಷ್ಟೇ. ತಮಿಳಿನವರ 'ಅಗಳಿ'ಯೂ ಇದರ ಒಡಹುಟ್ಟು. ಕೋಟೆಯ ಸುತ್ತ ತೋಡಿದ ಆಳದ ಕಾಲುವೆಗೆ ಹಳಗನ್ನಡದವರು ಹೇಳುತ್ತಿದ್ದ ಮಾತು. ಆಮೇಲೆ ಪಾರ್ಸಿಯಿಂದ 'ಕಂದಕ' ಬಂತು. ವಿಶೇಷ ಅಂದರೆ ಅದರ ಬೇರೂ ಅಗೆಯುವುದೇ. ಅರಣ್ಯ ಇಲಾಖೆ ಈಗ 'ಆನೆ ಕಂದಕ' ಅನ್ನುತ್ತದೆ. ಪಠ್ಯಪುಸ್ತಕದಲ್ಲೂ ಕಂದಕವೇ.

ಆದರೆ ನಮ್ಮ ಅಡಿಕೆ ತೋಟದ ಅಂಚಿಗೆ ಹೋಗಿ ನೋಡಿ. ಅಲ್ಲಿ ಅಗಳು ಇನ್ನೂ ಇದೆ! ದನ, ಹಂದಿ ನುಗ್ಗಬಾರದು ಅಂತ ಕೆಂಪು ಮಣ್ಣು ಕಡಿದು ತೋಡುತ್ತಾರೆ. ತೆಗೆದ ಮಣ್ಣನ್ನು ಒಳಮಗ್ಗುಲಿಗೆ ಹಾಕಿ ದಿಬ್ಬ ಮಾಡಿ, ಮೇಲೆ ಲಕ್ಕಿಯನ್ನೋ ಕತ್ತಾಳೆಯನ್ನೋ ನೆಡುತ್ತಾರೆ. ಒಂದೇ ಕೆಲಸಕ್ಕೆ ಎರಡು ತಡೆ: ಹೊರಗೆ ಹಳ್ಳ, ಒಳಗೆ ದಿಬ್ಬ. ಮಣ್ಣಿನ ಕೋಟೆ ಕಟ್ಟುವ ಲೆಕ್ಕವೂ ಇದೇ. ಮಳೆಗಾಲದಲ್ಲಿ ದರೆ ಕುಸಿದು ಅಗಳು ಮುಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಮತ್ತೆ ಹೂಳು ಎತ್ತಬೇಕು. ಹಿಂದೆ ಗುದ್ದಲಿ, ಹಾರೆಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಜೇಸಿಬಿ ಬಂದಿದೆ. ತಂತಿಬೇಲಿ ಬಂದ ಕಡೆ ಅಗಳು ಮುಚ್ಚಿ ಹೋಗುತ್ತಿದೆ. ಅದರ ಜೊತೆ ಪದವೂ ಹೋಗುತ್ತಿದೆ, ನನಗೆ ಸಂಕಟ ಆಗುವುದು ಅಲ್ಲೇ.

ಇಲ್ಲಿ ಕಾಲೇಜಿನ ಮಕ್ಕಳು ತುಂಬ ಜನ ಕೂತಿದ್ದೀರಿ. ಒಂದು ಕೆಲಸ ಮಾಡಿ. ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ನಿಮ್ಮ ಅಜ್ಜ, ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ: ಅಗಳಿನ ದಿಬ್ಬಕ್ಕೆ ಏನು ಹೆಸರು, ದಾಟಲಿಕ್ಕೆ ಇಟ್ಟ ಮರಕ್ಕೆ ಏನು ಹೆಸರು, ತಡೆಗೆ ಏನು ಹೆಸರು. ಊರಿನ ಹೆಸರಿನ ಸಮೇತ ಬರೆದಿಡಿ. ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.

ಈಗ ಪ್ರಶ್ನೆ ಇದ್ದರೆ ಕೇಳಿ.