100 ನ್ಯೂಟನ್ ತಳ್ಳಿದ್ರೆ ಮೂಟೆ ಎಷ್ಟು ತಡೆಯುತ್ತೆ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋ ಮೇಷ್ಟ್ರುಗಳಿಗೂ ನಮಸ್ಕಾರ, ಇವತ್ತು ನಿಮ್ಮ ಮೇಲೂ ಸ್ವಲ್ಪ ದೂರಿದೆ, ಬೇಜಾರು ಮಾಡ್ಕೋಬೇಡಿ.

ಹಾಸನದಲ್ಲಿ ಫ್ರಿಕ್ಷನ್, ಅಂದ್ರೆ ಘರ್ಷಣೆ ಬಗ್ಗೆ ಮಾತಾಡೋಕೆ ಮರದ ಬ್ಲಾಕು ಯಾಕೆ, ಕಾಫಿ ಮೂಟೇನೇ ತಗೊಳ್ಳೋಣ. 50 ಕೆಜಿ ಮೂಟೆ, ಸಿಮೆಂಟ್ ಕಣದ ಮೇಲೆ ಕೂತಿದೆ. ಲೆಕ್ಕ ಸುಲಭ ಆಗ್ಲಿ ಅಂತ ಗುರುತ್ವದ ಜಿ 10 ಅಂತ ಇಟ್ಕೊಳ್ಳಿ, ತೂಕ 500 ನ್ಯೂಟನ್, ನೆಲ ಮೇಲಕ್ಕೆ ಒತ್ತೋ ನಾರ್ಮಲ್ ಫೋರ್ಸೂ, ಅಂದ್ರೆ ಎನ್, ಅಷ್ಟೇ. ಎರಡು ಮೇಲ್ಮೈ ಒಂದನ್ನೊಂದು ಎಷ್ಟು ಹಿಡ್ಕೊಳ್ಳುತ್ತೆ ಅನ್ನೋ ನಂಬರಿಗೆ ಮ್ಯೂ ಅಂತೀವಿ, ನಿಂತಿದ್ದಾಗಿನ ಸ್ಟ್ಯಾಟಿಕ್ ಮ್ಯೂ 0.5, ಜಾರುವಾಗಿನ ಕೈನೆಟಿಕ್ ಮ್ಯೂ 0.4, ಇವು ನಾನೇ ಇಟ್ಕೊಂಡಿರೋ ನಂಬರು, ಗೋಣಿಚೀಲಕ್ಕೆ ಇಷ್ಟೇ ಅಂತ ಯಾರೂ ನೋಟ್ಸಲ್ಲಿ ಬರ್ಕೋಬೇಡಿ. ಈಗ ನೀವು 100 ನ್ಯೂಟನ್ ಹಾಕಿ ತಳ್ತೀರ, ಮೂಟೆ ಅಲ್ಲಾಡಲ್ಲ. ಫ್ರಿಕ್ಷನ್ ಎಷ್ಟು?

ನೋಡಿ, ಅರ್ಧ ಜನ 250 ಅಂದ್ರಿ. ಮ್ಯೂ ಇಂಟು ಎನ್, ಫಾರ್ಮುಲಾ ಗೊತ್ತು, ಹಾಕಿದ್ರಿ. ಸರಿ ಹಂಗೇ ಆಗ್ಲಿ, ನೀವು ಮುಂದಕ್ಕೆ 100, ನೆಲ ಹಿಂದಕ್ಕೆ 250, ಉಳಿದಿದ್ದು 150 ನ್ಯೂಟನ್ ನಿಮ್ಮ ಕಡೆಗೆ, ಅಂದ್ರೆ ನೀವು ತಳ್ಳಿದ ಮೂಟೆ ವಾಪಸ್ ನಿಮ್ಮ ಮೇಲೇ ಬರ್ಬೇಕಲ್ರಪ್ಪ! ಯಾವ ಎಸ್ಟೇಟಲ್ಲೂ ಅಂಥ ಮೂಟೆ ಇಲ್ಲ. ಫ್ರಿಕ್ಷನ್ 100 ನ್ಯೂಟನ್ನೇ. ನೀವು 180 ಹಾಕಿದ್ರೆ ಅದೂ 180, ನೀವು ಕೈ ತೆಗೆದ್ರೆ ಸೊನ್ನೆ. ಮೂಟೆ ನಿಂತೇ ಇದೆ ಅಂದ್ರೆ ನೆಟ್ ಫೋರ್ಸ್ ಸೊನ್ನೆ ಅಂತ ನ್ಯೂಟನ್ ಹೇಳಿಯಾಗಿದೆ, ಫ್ರಿಕ್ಷನ್ ಎಷ್ಟು ಅನ್ನೋದು ಅಲ್ಲಿಂದ ಬರುತ್ತೆ, ಮ್ಯೂನಿಂದ ಅಲ್ಲ. ಮ್ಯೂ ಇಂಟು ಎನ್ ಹೇಳೋದು ಗರಿಷ್ಠ ಎಷ್ಟರವರೆಗೆ ತಡ್ಕೊಳ್ಳುತ್ತೆ ಅನ್ನೋದನ್ನ ಮಾತ್ರ. ಮೇಷ್ಟ್ರುಗಳ ಮೇಲೆ ದೂರು ಅಂದಿದ್ದು ಇದೇ, ಬೋರ್ಡಲ್ಲಿ ನಾವು ಈಕ್ವಲ್ ಟು ಹಾಕ್ತೀವಿ, 'ಕಡಿಮೆ ಅಥವಾ ಸಮ' ಅನ್ನೋ ಗುರುತು ಹಾಕೋದು ಮರೀತೀವಿ, ಮಕ್ಕಳು ಅದನ್ನೇ ಎಲ್ಲಾ ಕಡೆ ಹಚ್ತಾರೆ.

ಈಗ ಜೋರಾಗಿ ತಳ್ಳಿ. 240, 245, 250, ಆಮೇಲೆ ಕೂದಲೆಳೆಯಷ್ಟು ಜಾಸ್ತಿ, ಮೂಟೆ ಕಿತ್ಕೊಂಡು ಹೊರಡ್ತು. ಹೊರಟ ತಕ್ಷಣ ಕೈನೆಟಿಕ್ ಫ್ರಿಕ್ಷನ್, 0.4 ಇಂಟು 500, ಅಂದ್ರೆ 200. ನಿಮ್ಮ ಕೈ ಇನ್ನೂ 250ರಲ್ಲೇ ಇದೆ, 50 ನ್ಯೂಟನ್ ಮಿಕ್ಕಿತು, ಮೂಟೆಯ ಸ್ಪೀಡ್ ಪ್ರತಿ ಸೆಕೆಂಡಿಗೂ 'ಸೆಕೆಂಡಿಗೆ 1 ಮೀಟರ್'ನಷ್ಟು ಏರ್ತಾ ಹೋಗುತ್ತೆ. ಭಾರದ ಬೀರು ತಳ್ಳುವಾಗ ಮುಗ್ಗರಿಸ್ತೀವಲ್ಲ, ಅದು ಇದೇ. ಒಂದೇ ಸ್ಪೀಡಲ್ಲಿ ಜಾರಿಸ್ತಾ ಇರೋಕೆ 200 ಸಾಕು. ಈ ಕೈನೆಟಿಕ್ ಮಾತ್ರ ನೀವು ಎಷ್ಟು ತಳ್ತೀರಿ ಅಂತ ಕೇಳಲ್ಲ, ಹೆಚ್ಚುಕಮ್ಮಿ ಅಷ್ಟೇ ಇರುತ್ತೆ.

ಮೂಟೆ ನಿಲ್ಲಿಸಿದ್ರೆ ಕಮ್ಮಿ, ಮಲಗಿಸಿದ್ರೆ ಜಾಸ್ತಿ ತಡೆಯುತ್ತಾ? ಇಲ್ಲ. ಲಿಯೊನಾರ್ಡೊ ಡ ವಿಂಚಿ ಇದನ್ನ ಗಮನಿಸಿ ತನ್ನ ನೋಟ್‌ಬುಕ್ಕಲ್ಲೇ ಇಟ್ಕೊಂಡಿದ್ದ, ಲೋಕಕ್ಕೆ ಗೊತ್ತಾಗಿದ್ದು 1699ರಲ್ಲಿ ಅಮೊಂಟೊನ್ಸ್ ಅನ್ನೋ ಫ್ರೆಂಚ್ ಮನುಷ್ಯ ಹೇಳಿದ ಮೇಲೆ. ಕಣ್ಣಿಗೆ ನುಣುಪಾಗಿ ಕಂಡ್ರೂ ಎರಡು ಮೇಲ್ಮೈ ನಿಜವಾಗಿ ಮುಟ್ಟೋದು ಅಲ್ಲಲ್ಲಿ ಸಣ್ಣ ತುದಿಗಳಲ್ಲಿ ಮಾತ್ರ, ಆ ನಿಜವಾದ ಮುಟ್ಟುವಿಕೆ ಭಾರ ಹೆಚ್ಚಾದಂಗೆ ಹೆಚ್ಚುತ್ತೆ, ಚೀಲದ ಅಗಲಕ್ಕೂ ಅದಕ್ಕೂ ಸಂಬಂಧ ಕಡಿಮೆ. ಆಮೇಲೆ ಕುಲಂಬ್, ಹೌದು ಕರೆಂಟಿನ ಪಾಠದಲ್ಲಿ ಬರೋ ಅದೇ ಕುಲಂಬ್, ಹೆಚ್ಚು ಹೊತ್ತು ನಿಂತ ವಸ್ತು ಕೀಳೋಕೆ ಹೆಚ್ಚು ಬಲ ಬೇಕು ಅನ್ನೋದನ್ನೂ ನೋಡಿದ್ದ.

ಫ್ರಿಕ್ಷನ್ ಅಂದ್ರೆ ಚಲನೆಗೆ ವಿರೋಧಿ ಅಂತ ಬಾಯಿಪಾಠ ಮಾಡಿದೀರಲ್ಲ, ಅದು ಅರ್ಧ ಸತ್ಯ. ಮೂಟೇನ ಪಿಕಪ್ಪಿಗೆ ಹಾಕಿ, ಗಾಡಿ ಹೊರಡ್ತು, ಮೂಟೇನೂ ಜೊತೆಗೆ ಹೊರಡ್ತು, ಅದನ್ನ ಮುಂದಕ್ಕೆ ಒಯ್ದಿದ್ದು ಯಾರು? ಸ್ಟ್ಯಾಟಿಕ್ ಫ್ರಿಕ್ಷನ್ನೇ. ಅದು ತಡೆಯೋದು ಮೂಟೆ ಗಾಡಿ ಮೇಲೆ ಜಾರೋದನ್ನ, ಮೂಟೆ ಊರು ಬಿಟ್ಟು ಹೋಗೋದನ್ನಲ್ಲ.

ಟೈರೂ ಹಂಗೇ. ಗಾಡಿ ಎಷ್ಟೇ ಸ್ಪೀಡಲ್ಲಿರ್ಲಿ, ಚಕ್ರ ಜಾರದೆ ಉರುಳ್ತಿದ್ರೆ ರಸ್ತೆ ಮುಟ್ಟಿರೋ ಜಾಗ ಆ ಕ್ಷಣಕ್ಕೆ ನಿಂತಿರುತ್ತೆ, ಹಂಗಾಗಿ ಅಲ್ಲಿ ಸ್ಟ್ಯಾಟಿಕ್. ಬ್ರೇಕ್ ಒತ್ತಿ ಚಕ್ರ ಲಾಕ್ ಆದ್ರೆ ಕೈನೆಟಿಕ್‌ಗೆ ಇಳೀತು. ಒಣ ಕಾಂಕ್ರೀಟಿಗೆ ಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗೋ ಮ್ಯೂ ಸ್ಟ್ಯಾಟಿಕ್ 1.0, ಕೈನೆಟಿಕ್ 0.8, ಒದ್ದೆ ಆದ್ರೆ 0.3 ಮತ್ತು 0.25. ಸಮತಟ್ಟಾದ ರಸ್ತೇಲಿ 60 ಕಿಮೀ ಸ್ಪೀಡಿಂದ ನಿಲ್ಲೋಕೆ ಒಣಗಿದ್ದಾಗ 14 ಮೀಟರ್, ಲಾಕ್ ಆದ್ರೆ 17. ಮಳೇಲಿ 46, ಲಾಕ್ ಆದ್ರೆ 56. ಶಿರಾಡಿ ಘಾಟಿ ಇಳಿಜಾರಲ್ಲಿ ಇನ್ನೂ ಜಾಸ್ತಿ. ಎಬಿಎಸ್ ಅನ್ನೋ ಬ್ರೇಕ್ ವ್ಯವಸ್ಥೆ ಚಕ್ರ ಪೂರ್ತಿ ಲಾಕ್ ಆಗೋಕೆ ಬಿಡದೇ ಇರೋದು ಇದಕ್ಕೇ, ಜೊತೆಗೆ ಸ್ಟೇರಿಂಗೂ ಮಾತು ಕೇಳುತ್ತೆ.

ಕೊನೇದಾಗಿ ಒಂದು ಲೆಕ್ಕ, ಇದು ನನಗೆ ಬಹಳ ಇಷ್ಟ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯೋ ರೈಲು ಹಾದಿ 50ಕ್ಕೆ 1ರ ಏರು, ಅಂದ್ರೆ 50 ಮೀಟರ್ ಹೋದ್ರೆ 1 ಮೀಟರ್ ಎತ್ತರ. ಕೆಳಗಿಂದ 1000 ಟನ್ ಗಾಡಿ ಹತ್ತುತ್ತಿದೆ ಅಂದ್ರೆ 20 ಟನ್ ತೂಕದಷ್ಟು ಬಲ ಹಿಂದಕ್ಕೆ ಎಳೀತಿರುತ್ತೆ. ಇಂಜಿನ್ 120 ಟನ್ ಅಂತ ಇಟ್ಕೊಳ್ಳಿ, ಒಣ ಹಳಿಗೆ ಮ್ಯೂ 0.3 ಆದ್ರೆ 36 ಟನ್ನಿನವರೆಗೆ ಹಿಡಿತ, ಆರಾಮು. ಮಳೇಲಿ 0.15ಕ್ಕೆ ಇಳೀತು ಅಂದ್ರೆ 18, ಎರಡು ಟನ್ ಸಾಲ್ದು. ಇಂಜಿನ್ನಿಗೆ ಎಷ್ಟೇ ಹಾರ್ಸ್‌ಪವರ್ ಇದ್ರೂ ಚಕ್ರ ನಿಂತಲ್ಲೇ ಗರಗರ ತಿರುಗುತ್ತೆ, ತಿರುಗೋಕೆ ಶುರುವಾದ್ರೆ ಕೈನೆಟಿಕ್, ಹಿಡಿತ ಇನ್ನೂ ಕಮ್ಮಿ. ಅದಕ್ಕೇ ಘಾಟಿಯಲ್ಲಿ ಹಿಂದಿಂದ ತಳ್ಳೋಕೆ ಬ್ಯಾಂಕರ್ ಇಂಜಿನ್ ಹಾಕ್ತಾರೆ, ಚಕ್ರದ ಮುಂದೆ ಹಳಿ ಮೇಲೆ ಮರಳು ಬೀಳಿಸೋ ಪೆಟ್ಟಿಗೆ ಇಂಜಿನ್ನಲ್ಲೇ ಇರುತ್ತೆ. ಚಕ್ರ ಜಾರಿದಾಗ ಲೋಕೋ ಪೈಲಟ್ ಪವರ್ ಏರಿಸಲ್ಲ, ಇಳಿಸ್ತಾರೆ. ಯಾಕೆ ಅಂತ ಈಗ ನೀವೇ ಹೇಳಿ ನೋಡೋಣ, ಮೊದಲು 250 ಅಂದೋರು ಕೈ ಎತ್ತಿ.