ಊರಿನ ಹೆಸರು ಚಾರ್ಟಲ್ಲಿ ಹಿಡಿಯದಿದ್ರೆ ಎಂತ ಮಾಡುದು?

ಎಲ್ರಿಗೂ ನಮಸ್ಕಾರ. ಕಾಲೇಜಿನ ಮಕ್ಕಳು ಇದ್ದೀರಿ, ಶಾಲೆ ಮೇಷ್ಟ್ರುಗಳು ಇದ್ದೀರಿ, ಪಂಚಾಯತ್ ಲೆಕ್ಕ ನೋಡುವವರೂ ಕೆಲವರು ಬಂದಿದ್ದೀರಿ, ಹಾಗಾಗಿ ಕೋಡ್ ಬರೆಯದವರಿಗೂ ಗೊತ್ತಾಗುವ ಹಾಗೆ ಮಾತಾಡ್ತೇನೆ. ವೆಬ್ಬಲ್ಲಿ ಚಾರ್ಟ್ ಹಾಕುವಾಗ ಹೆಸರುಗಳು ಉದ್ದ ಆದ್ರೆ ಎಂತ ಮಾಡುದು, ಇವತ್ತು ಅಷ್ಟೇ ವಿಷಯ. ಬಾರ್ ಎಷ್ಟು ಚೆಂದ ಇದ್ರೂ ಅದು ಯಾವ ಊರಿಂದು ಅಂತ ಓದ್ಲಿಕ್ಕೆ ಆಗದಿದ್ರೆ ಆ ಲೆಕ್ಕ ಯಾರ ಉಪಯೋಗಕ್ಕೂ ಬರುದಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯನ್ನೇ ತೆಗೊಳ್ಳುವಾ. 38 ಗ್ರಾಮ ಪಂಚಾಯತ್ ಉಂಟು. ಸಾಧಾರಣ ಫೋನಿನ ಸ್ಕ್ರೀನ್ ಅಗಲ 360 ಪಿಕ್ಸೆಲ್ ಅಂತ ಇಟ್ಕೊಳ್ಳಿ, ನಿಂತ ಬಾರ್ ಹಾಕಿದ್ರೆ ಒಂದೊಂದಕ್ಕೆ ಸಿಗುದು ಒಂಬತ್ತೂವರೆ ಪಿಕ್ಸೆಲ್ ಕೂಡ ಇಲ್ಲ, ಅಲ್ಲಿ ‘ಮೀಂಜ’ ಅಂತ ಬರೀಲಿಕ್ಕೂ ಜಾಗ ಇಲ್ಲ, ಇನ್ನು ‘ಕಯ್ಯೂರು-ಚೀಮೇನಿ’ ಎಲ್ಲಿಂದ ಹಿಡೀಬೇಕು. ಆವಾಗ ಲೈಬ್ರರಿಗಳು, ಅಂದ್ರೆ ಚಾರ್ಟ್ ಬಿಡಿಸ್ಲಿಕ್ಕೆ ಮೊದಲೇ ಬರೆದಿಟ್ಟ ಕೋಡ್‌ಗಳು, ತಮ್ಮಷ್ಟಕ್ಕೇ ಏನೋ ಒಂದು ಮಾಡ್ತವೆ. ಚಾರ್ಟ್ ಡಾಟ್ ಜೆಎಸ್ ಅನ್ನುವ ಲೈಬ್ರರಿ ಮೊದಲು ಹೆಸರನ್ನು 50 ಡಿಗ್ರಿ ತನಕ ಓರೆ ಮಾಡ್ತದೆ, ಆಮೇಲೂ ಹಿಡಿಯದಿದ್ರೆ ಆಟೋಸ್ಕಿಪ್ ಅಂತ ಒಂದು ಸೆಟ್ಟಿಂಗ್ ಉಂಟಲ್ಲ, ಅದು ಮೊದಲಿಂದಲೇ ಆನ್ ಇರ್ತದೆ, ಅದು ಮಧ್ಯದ ಕೆಲವು ಹೆಸರನ್ನು ಸದ್ದಿಲ್ಲದೆ ಬಿಟ್ಟುಬಿಡ್ತದೆ. ಬಾರ್ ಅಲ್ಲೇ ಇರ್ತದೆ, ಹೆಸರು ಮಾತ್ರ ಇಲ್ಲ. ವರ್ಷಗಳಿಗೆ ಇದು ಅಡ್ಡಿಲ್ಲ, 2011 ಆದ್ಮೇಲೆ 2013 ಬಂದ್ರೆ ನಡುವೆ 2012 ಅಂತ ಯಾರಿಗೂ ಗೊತ್ತಾಗ್ತದೆ. ಆದ್ರೆ ಪುತ್ತಿಗೆ ಮತ್ತೆ ಬದಿಯಡ್ಕದ ಮಧ್ಯೆ ಹೆಸರಿಲ್ಲದೆ ನಿಂತದ್ದು ಯಾವ ಊರು ಅಂತ ಹೇಗೆ ಹೇಳುದು?

ನನ್ನ ಅಭಿಪ್ರಾಯ ಏನು ಕೇಳಿದ್ರೆ, ಅಕ್ಷರವನ್ನು ತಿರುಗಿಸ್ಬೇಡಿ, ಚಾರ್ಟನ್ನೇ ತಿರುಗಿಸಿ. ಚಾರ್ಟ್ ಡಾಟ್ ಜೆಎಸ್‌ನಲ್ಲಿ ಇಂಡೆಕ್ಸ್ ಆಕ್ಸಿಸ್ ಅನ್ನುವ ಸೆಟ್ಟಿಂಗನ್ನು ‘ವೈ’ ಅಂತ ಕೊಟ್ರೆ ಬಾರ್‌ಗಳು ಮಲಗ್ತವೆ, ಹೆಸರು ಎಡಗಡೆ ನೇರ ಸಾಲಲ್ಲಿ ಬರ್ತದೆ. ಒಂದೊಂದಕ್ಕೆ 28 ಪಿಕ್ಸೆಲ್ ಎತ್ತರ ಕೊಟ್ರೂ 38ಕ್ಕೆ 1064 ಆಗ್ತದೆ, ಉದ್ದ ಆಯ್ತು ಅಂತ ಹೆದರುದು ಬೇಡ, ಫೋನಲ್ಲಿ ಕೆಳಗೆ ಜಾರಿಸುದು ಎಲ್ರಿಗೂ ಅಭ್ಯಾಸ ಉಂಟು. ಆದ್ರೆ ಆ ಎತ್ತರವನ್ನು ನೀವು ಕೊಡ್ಲೇಬೇಕು, ಕೊಡದಿದ್ರೆ ಆಟೋಸ್ಕಿಪ್ ಇಲ್ಲೂ ಬರ್ತದೆ. ಓರೆ ಬರಹ ಕನ್ನಡಕ್ಕೆ ಇನ್ನೂ ಕಷ್ಟ, ಯಾಕಂದ್ರೆ ನಮ್ಮ ಒತ್ತು ಕೆಳಗೆ ಇಳೀತದೆ, ಗುಡಿಸು ಮೇಲೆ ಹೋಗ್ತದೆ, ಓರೆ ಮಾಡಿದ ಕೂಡ್ಲೇ ಪಕ್ಕದ ಹೆಸರಿನ ಒತ್ತು ಇದರ ತಲೆಗೆ ತಾಗ್ತದೆ.

ಸರಿ, ಮಲಗಿಸಿದ ಮೇಲೂ ಎಡಗಡೆ ಜಾಗ ಸಾಕಾಗ್ಲಿಲ್ಲ ಅಂತಾದ್ರೆ ಹೆಚ್ಚಿನವರು ಮಾಡುದು ಹೆಸರನ್ನು ಕತ್ತರಿಸಿ ಮೂರು ಚುಕ್ಕೆ ಇಡುದು. ಕೆಲವು ಟೂಲ್ ತಾನೇ ಕತ್ತರಿಸ್ತದೆ, ವೇಗಾ-ಲೈಟ್ ಅಕ್ಷದ ಹೆಸರಿಗೆ 180 ಪಿಕ್ಸೆಲ್ ಮಿತಿ ಇಟ್ಟಿದೆ. ಇದನ್ನು ನಾನು ತುಂಬ ವಿರೋಧಿಸ್ತೇನೆ, ಕಾರಣ ನಮ್ಮ ಪಟ್ಟಿಯಲ್ಲೇ ಉಂಟು. ಕುಂಬಳೆ, ಕುಂಬ್ಡಾಜೆ. ವೆಬ್ ಪುಟದ ಕೋಡ್ ಬರೆಯುವ ಜಾವಾಸ್ಕ್ರಿಪ್ಟಲ್ಲಿ ಸ್ಲೈಸ್ ಹಾಕಿ, ಕಂಪ್ಯೂಟರಿನ ಲೆಕ್ಕದಲ್ಲಿ ನಾಲ್ಕಕ್ಕೆ ಕತ್ತರಿಸಿ ನೋಡಿ, ಎರಡೂ ‘ಕುಂಬ…’. ಎರಡೂ ಬೇರೆ ಬೇರೆ ಪಂಚಾಯತ್, ಬೇರೆ ಬೇರೆ ಲೆಕ್ಕ. ಹಾಗಾದ್ರೆ ಮುಂದಿನದ್ದು ಕತ್ತರಿಸಿ ಕೊನೆ ಇಟ್ಕೊಳ್ಳುವಾ ಅಂದ್ರೆ ಈಸ್ಟ್ ಎಳೇರಿ, ವೆಸ್ಟ್ ಎಳೇರಿ ಎರಡೂ ಒಂದೇ ಆಗ್ತವೆ. ಇನ್ನೂ ಅಪಾಯ ಏನಂದ್ರೆ, ಕತ್ತರಿಸಿದ ಹೆಸರನ್ನು ಡೇಟಾದೊಳಗೇ ತುಂಬಿಸಿದ್ರೆ ಡಿ3 ಅನ್ನುವ ಲೈಬ್ರರಿಯಲ್ಲಿ ಬಾರುಗಳಿಗೆ ಜಾಗ ಹಂಚುವ ಬ್ಯಾಂಡ್ ಸ್ಕೇಲ್ ಒಂದೇ ಥರದ ಎರಡು ಹೆಸರನ್ನು ಒಂದೇ ಅಂತ ಲೆಕ್ಕ ಹಾಕ್ತದೆ, ಕುಂಬಳೆಯ ಬಾರ್ ಮೇಲೆ ಕುಂಬ್ಡಾಜೆ ಬಾರ್ ಕೂತ್ಕೊಳ್ತದೆ, ಎರರ್ ಏನೂ ಬರುದಿಲ್ಲ. ಅದಕ್ಕೆ ಡೇಟಾದಲ್ಲಿ ಯಾವಾಗ್ಲೂ ಪೂರ್ತಿ ಹೆಸರು ಅಥವಾ ಕೋಡ್ ನಂಬರ್ ಇರ್ಲಿ, ಚಿಕ್ಕದು ಮಾಡುದಿದ್ರೆ ತೋರಿಸುವ ಹಂತದಲ್ಲಿ, ಅಕ್ಷದ ಹೆಸರು ಹೇಗೆ ಕಾಣ್ಬೇಕು ಅಂತ ಹೇಳುವ ಟಿಕ್ ಫಾರ್ಮ್ಯಾಟಲ್ಲಿ ಮಾತ್ರ ಮಾಡಿ.

ಕತ್ತರಿಸುದರಲ್ಲಿ ಕನ್ನಡದ್ದೇ ಒಂದು ತೊಂದರೆ ಉಂಟು, ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ. ‘ಕಾರಡ್ಕ’ ನಮಗೆ ಮೂರಕ್ಷರ, ಕಂಪ್ಯೂಟರಿಗೆ ಆರು: ಕ, ದೀರ್ಘ, ರ, ಡ, ಹಲಂತ, ಕ. ಐದಕ್ಕೆ ಕತ್ತರಿಸಿದ್ರೆ ‘ಕಾರಡ್’ ಅಂತ ಬರ್ತದೆ, ಅಂಥ ಊರೇ ಇಲ್ಲ. ಇದಕ್ಕೆ ಇಂಟ್ಲ್ ಸೆಗ್ಮೆಂಟರ್ ಅಂತ, ಹೆಸರನ್ನು ಅಕ್ಷರ ನೋಡಿ ತುಂಡು ಮಾಡುವ ಸೌಲಭ್ಯ ಬ್ರೌಸರಲ್ಲೇ ಉಂಟು, ಫೈರ್‌ಫಾಕ್ಸಿಗೂ 2024ರಲ್ಲಿ ಬಂತು, ಅದು ಸ್ವರಚಿಹ್ನೆಯನ್ನು ಬಿಡಿಸದೆ ಇಡ್ತದೆ. ಆದ್ರೆ ಒತ್ತಕ್ಷರಕ್ಕೆ ಅದು ಸಾಕಾಗುದಿಲ್ಲ. ಎಲ್ಲ ಲಿಪಿಗಳೂ ಕಂಪ್ಯೂಟರಲ್ಲಿ ಹೇಗಿರ್ಬೇಕು ಅಂತ ಹೇಳುವ ಯೂನಿಕೋಡ್‌ನ 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದೆ ಒಟ್ಟಿಗೆ ಇಡುವ ನಿಯಮ ಬಂದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು, ಕನ್ನಡ ಇರ್ಲಿಲ್ಲ. ಅಂದ್ರೆ ಒಂದೇ ಪುಟದಲ್ಲಿ ಮಲಯಾಳಂ ಹೆಸರು ಸರಿ ಬಂದು ಕನ್ನಡ ಹೆಸರು ಒಡೆದು ಹೋಗ್ಬಹುದು, ಮಲಯಾಳಂ ನೋಡಿ ಸರಿ ಉಂಟು ಅಂತ ಪಾಸ್ ಮಾಡುವವರಿಗೆ ಅದು ಗೊತ್ತೂ ಆಗುದಿಲ್ಲ, ಹಾಗಾಗಿ ಅದನ್ನು ನೋಡಿಕೊಳ್ಳುದು ನಮ್ಮದೇ ಕೆಲಸ. ಪರಿಹಾರ ದೊಡ್ಡದಲ್ಲ, ಒಂದು ತುಂಡು ಹಲಂತದಲ್ಲಿ ಮುಗಿದು ಮುಂದಿನ ತುಂಡು ಕನ್ನಡ ವ್ಯಂಜನ ಆಗಿದ್ರೆ ಎರಡನ್ನೂ ಸೇರಿಸಿ. ಮುಂದಿನದ್ದು ಖಾಲಿ ಜಾಗ ಆದ್ರೆ ಸೇರಿಸ್ಬೇಡಿ, ‘ಮೊಗ್ರಾಲ್ ಪುತ್ತೂರು’ ಇದರಲ್ಲಿ ‘ಲ್’ ಅಲ್ಲಿಗೇ ಮುಗೀಬೇಕು.

ಕತ್ತರಿಸುವ ಮೊದಲು ಹೆಸರಲ್ಲಿ ಎಂತ ಹೆಚ್ಚಿಗೆ ಉಂಟು ನೋಡಿ. ಶಾಲೆಗಳ ಪಟ್ಟಿ ಹಾಕಿದ್ರೆ ‘ಸರಕಾರಿ ಹೈಯರ್ ಸೆಕೆಂಡರಿ ಶಾಲೆ’ ಅಂತಲೇ ಪ್ರತಿಯೊಂದೂ ಶುರು ಆಗ್ತದೆ, ಊರು ಕೊನೆಗೆ. ಆ ಮೂರ್ನಾಲ್ಕು ಪದ ಚಾರ್ಟಿನ ತಲೆಬರಹಕ್ಕೆ ಹೋಗ್ಲಿ, ಸಾಲಲ್ಲಿ ಬೇಕೂರು, ಅಡೂರು, ಬಂದಡ್ಕ ಅಂತ ಇದ್ರೆ ಸಾಕು. ಹೆಚ್ಚಿನ ಉದ್ದದ ಸಮಸ್ಯೆ ಇಲ್ಲಿಗೇ ಮುಗೀತದೆ.

ಆಮೇಲೂ ಉಳಿದದ್ದನ್ನು ಎರಡು ಸಾಲು ಮಾಡಿ. ಚಾರ್ಟ್ ಡಾಟ್ ಜೆಎಸ್‌ಗೆ ಹೆಸರಿನ ಬದಲು ಒಂದು ಅರೇ, ಅಂದ್ರೆ ಹೆಸರಿನ ತುಂಡುಗಳ ಪಟ್ಟಿ, ಕೊಟ್ರೆ ಸಾಲು ಸಾಲಾಗಿ ಬರೀತದೆ. ಇಚಾರ್ಟ್ಸ್ ಅನ್ನುವ ಇನ್ನೊಂದು ಲೈಬ್ರರಿಯಲ್ಲಿ ಅಗಲ ಕೊಟ್ಟು ಓವರ್‌ಫ್ಲೋ ‘ಬ್ರೇಕ್’ ಹಾಕ್ಬೇಕು. ಡಿ3ಯಲ್ಲಿ ಕೆಲಸ ಸ್ವಲ್ಪ ಜಾಸ್ತಿ, ಎಸ್‌ವಿಜಿ ಅನ್ನುವ ಚಿತ್ರದ ನಮೂನೆಯಲ್ಲಿ ಟೆಕ್ಸ್ಟ್ ತಾನಾಗಿ ಮಡಚುದಿಲ್ಲ, ಟೀಸ್ಪ್ಯಾನ್ ಅನ್ನುವ ಟ್ಯಾಗ್ ಹಾಕಿ ನಾವೇ ಸಾಲು ಇಳಿಸ್ಬೇಕು. ಅದಕ್ಕೆ ಎಲ್ರೂ ಕಾಪಿ ಮಾಡುವ ಫಂಕ್ಷನ್‌ನಲ್ಲಿ ಸಾಲಿನ ಅಂತರ 1.1 ಎಮ್, ಅಂದ್ರೆ ಅಕ್ಷರದ ಅಳತೆಯ 1.1 ಪಟ್ಟು ಉಂಟು, ಇಂಗ್ಲಿಷಿಗೆ ಸಾಕು, ಕನ್ನಡದ ಒತ್ತು ಕೆಳಗಿನ ಸಾಲಿಗೆ ತಾಗ್ತದೆ, 1.4 ಇಡಿ. ಹಾಗೆ ಇಡುವಾಗ ಇನ್ನೊಂದು ನೋಡ್ಬೇಕು, ಮೊಗ್ರಾಲ್ ಮೇಲೆ, ಪುತ್ತೂರು ಕೆಳಗೆ ಬಂದು ಆ ಅಂತರವೂ ಪಕ್ಕದ ಬಾರಿನ ಅಂತರವೂ ಒಂದೇ ಇದ್ರೆ ಓದುವವರು ಎರಡು ಊರು ಅಂತ ತಿಳ್ಕೊಳ್ತಾರೆ, ಮೊಗ್ರಾಲ್ ಬೇರೆಯೇ ಉಂಟಲ್ಲ, ಪುತ್ತೂರು ಆಚೆ ದಕ್ಷಿಣ ಕನ್ನಡದಲ್ಲೂ ಉಂಟು. ಒಂದು ಹೆಸರಿನ ಎರಡು ಸಾಲು ಹತ್ತಿರ ಇರ್ಬೇಕು, ಬಾರುಗಳ ಮಧ್ಯೆ ಅದಕ್ಕಿಂತ ಜಾಸ್ತಿ ಜಾಗ ಬೇಕು.

ಹೆಸರಿನ ಅಗಲದ ಅಳತೆ ತೆಗೆಯುದು ಫಾಂಟ್ ಬಂದ್ಮೇಲೆ. ಡಾಕ್ಯುಮೆಂಟ್ ಫಾಂಟ್ಸ್ ರೆಡಿ ಆಗುವ ತನಕ ಕಾಯದೆ, ಅಗಲ ಅಳೆಯುವ ಮೆಷರ್‌ಟೆಕ್ಸ್ಟ್ ಹಾಕಿದ್ರೆ ಅದು ಬೇರೆ ಯಾವುದೋ ಫಾಂಟಿನ ಅಗಲ ಹೇಳ್ತದೆ, ಆಮೇಲೆ ನೋಟೋ ಸ್ಯಾನ್ಸ್ ಕನ್ನಡ ಬಂದು ಕೂತಾಗ ಹೆಸರಿನ ತುದಿ ಹೊರಗೆ ಹೋಗ್ತದೆ. ಮಲಯಾಳಂ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಹಾಕುವ ಪುಟ ಆದ್ರೆ ಭಾಷೆ ಬದಲಾದಾಗೆಲ್ಲ ಎಡಗಡೆಯ ಜಾಗವನ್ನು ಹೊಸದಾಗಿ ಲೆಕ್ಕ ಹಾಕ್ಸಿ.

ಪೂರ್ತಿ ಹೆಸರು ಮೌಸ್ ಇಟ್ರೆ ಕಾಣ್ತದಲ್ಲ ಅಂತ ಹೇಳುವವರು ಇದ್ದಾರೆ. ಫೋನಲ್ಲಿ ಮೌಸ್ ಎಲ್ಲಿಂದ ಬಂತು? ಕಣ್ಣು ಕಾಣದವರು ಸ್ಕ್ರೀನ್ ರೀಡರಲ್ಲಿ ಕೇಳ್ತಾರೆ, ಕ್ಯಾನ್ವಾಸಲ್ಲಿ ಚಿತ್ರದ ಹಾಗೆ ಬರೆದ ಹೆಸರು ಅದಕ್ಕೆ ಸಿಗುದೇ ಇಲ್ಲ, ಅದಕ್ಕೆ ಚಾರ್ಟಿನ ಕೆಳಗೆ ಪೂರ್ತಿ ಹೆಸರಿನ ಒಂದು ಸಾದಾ ಟೇಬಲ್ ಹಾಕಿ.

ಈಗ ಲ್ಯಾಪ್‌ಟಾಪ್ ತೆರೀರಿ, ಸ್ಕ್ರೀನ್ ಅಗಲ 360ಕ್ಕೆ ಇಡಿ, ಮೊದಲು ಈ ಆರು ಹೆಸರು ಹಾಕುವಾ: ಕುಂಬಳೆ, ಕುಂಬ್ಡಾಜೆ, ಎಣ್ಮಕಜೆ, ಕಾರಡ್ಕ, ಮೊಗ್ರಾಲ್ ಪುತ್ತೂರು, ಕಯ್ಯೂರು-ಚೀಮೇನಿ. ಯಾರದ್ದರಲ್ಲಾದ್ರೂ ಒತ್ತು ಒಡೆದು ಕಂಡ್ರೆ ಕೈ ಎತ್ತಿ, ನಾನು ಅಲ್ಲಿಗೇ ಬರ್ತೇನೆ.