ಕಿವಿಯಿಂದ ಆಡುವ ಆಟ

ಕೇಳುಗರಿಗೆಲ್ಲ ನಮಸ್ಕಾರ.

ನಾನು ನಾಟಕಗಳಿಗೆ ಧ್ವನಿ ಕೂಡಿಸುವವನು. ಗುಡುಗು ಬೇಕೆಂದರೆ ತಗಡಿನ ಹಾಳೆ ಅಲ್ಲಾಡಿಸುವುದು, ಕುದುರೆ ಬೇಕೆಂದರೆ ತೆಂಗಿನ ಚಿಪ್ಪು ಕುಟ್ಟುವುದು, ಹೀಗೆ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಇವತ್ತು ನನ್ನನ್ನು ಇಲ್ಲಿಗೆ ಕರೆದಿರುವುದು ಕಂಪ್ಯೂಟರ್ ಆಟದ ಬಗ್ಗೆ ಮಾತಾಡಲು. ಅದರಲ್ಲೂ ಹೆದರಿಸುವ ಆಟ, ನಮ್ಮ ಹುಡುಗರ ಬಾಯಲ್ಲಿ ಹಾರರ್ ಗೇಮ್. ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಆಟವನ್ನು ಕಿವಿಯಿಂದ ಆಡಬೇಕು.

ಈಗ ರೇಡಿಯೋ ಮುಂದೆ ಯಾರಿದ್ದೀರಿ ಅಂತ ನಾನು ಊಹಿಸಿಕೊಳ್ಳುತ್ತಿದ್ದೇನೆ. ಹಾಸ್ಟೆಲಿನ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಕಾಲೇಜು ಹುಡುಗರು, ಹುಡುಗಿಯರು ಇದ್ದೀರಿ. ಪಕ್ಕದ ಕೋಣೆಯಿಂದ ಮಗಳು ಕಿರುಚಿದ್ದು ಕೇಳಿ ಓಡಿಹೋಗಿ, ‘ಏನಿಲ್ಲಮ್ಮ, ಗೇಮು’ ಅಂತ ಬೈಸಿಕೊಂಡು ಬಂದ ತಾಯಂದಿರೂ ಇದ್ದೀರಿ. ಇಬ್ಬರಿಗೂ ಹೇಳುತ್ತಿದ್ದೇನೆ, ಸ್ವಲ್ಪ ಕೇಳಿ.

ನಾನು ಮಾತಾಡುವ ಆಟದ ಹೆಸರು ‘ಅಮ್ನೀಸಿಯಾ: ದಿ ಡಾರ್ಕ್ ಡಿಸೆಂಟ್’. ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್ ಎಂಬ ಊರಿನ ಫ್ರಿಕ್ಷನಲ್ ಗೇಮ್ಸ್ ಅನ್ನುವ ಪುಟ್ಟ ಕಂಪನಿ 2010ರ ಸೆಪ್ಟೆಂಬರಿನಲ್ಲಿ ಇದನ್ನು ಹೊರತಂದಿತು. ಥಾಮಸ್ ಗ್ರಿಪ್ ಮತ್ತು ಯೆನ್ಸ್ ನಿಲ್ಸನ್ ಎಂಬಿಬ್ಬರು ಕಟ್ಟಿದ ಕಂಪನಿ ಅದು. ಆಟ ಹಳೆಯದಾದ್ದರಿಂದ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ದೊಡ್ಡವರ ಆಟ, ಹದಿನೇಳು ದಾಟದವರಿಗೆ ಕೊಡಬೇಡಿ.

ಕಥೆ ಇಷ್ಟು. 1839ನೇ ಇಸವಿ. ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಕಾಡಿನ ನಡುವೆ ಬ್ರೆನ್ನೆನ್‌ಬರ್ಗ್ ಎಂಬ ಹಳೇ ಕೋಟೆ. ಲಂಡನ್ನಿನ ಡೇನಿಯಲ್ ಎಂಬ ಯುವಕನಿಗೆ ಅದರೊಳಗೆ ಕಲ್ಲುನೆಲದ ಮೇಲೆ ಎಚ್ಚರವಾಗುತ್ತದೆ. ಹೆಸರು, ಊರು ಬಿಟ್ಟರೆ ಹೆಚ್ಚೇನೂ ನೆನಪಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕಾಗದ ಸಿಗುತ್ತದೆ. ಬರೆದವನು ಅವನೇ! ಬೇಕೆಂದೇ ಮದ್ದು ಕುಡಿದು ಎಲ್ಲ ಮರೆತಿದ್ದೇನೆ, ಕೆಳಗಿಳಿದು ಹೋಗಿ ಅಲೆಕ್ಸಾಂಡರ್ ಎಂಬವನನ್ನು ಕೊಲ್ಲು, ಒಂದು ನೆರಳು ನಿನ್ನ ಬೆನ್ನು ಹತ್ತಿದೆ ಎಂದು ತನಗೆ ತಾನೇ ಬರೆದುಕೊಂಡಿದ್ದಾನೆ. ಆಟ ಪೂರ್ತಿ ಡೇನಿಯಲ್ಲನ ಕಣ್ಣಿನಿಂದಲೇ ನಡೆಯುತ್ತದೆ. ಅವನ ಮುಖ ನಮಗೆ ಕಾಣುವುದಿಲ್ಲ, ಅವನ ಉಸಿರು ಕೇಳುತ್ತದೆ.

ಕೈಯಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ, ಒಂದು ದೊಣ್ಣೆಯೂ ಇಲ್ಲ. ಇರುವುದು ಲಾಟೀನು, ಅದಕ್ಕೆ ಅಲ್ಲಲ್ಲಿ ಸಿಗುವ ಎಣ್ಣೆ, ದೀಪ ಹಚ್ಚಲು ಚಕಮಕಿ ಡಬ್ಬಿ. ಕತ್ತಲಲ್ಲಿ ಹೆಚ್ಚು ಹೊತ್ತು ನಿಂತರೆ ಡೇನಿಯಲ್ಲನ ಬುದ್ಧಿ ಕದಡುತ್ತದೆ. ಬೆಳಕಲ್ಲಿ ನಿಂತರೆ ಅಲ್ಲಿ ಓಡಾಡುವ ವಿಕಾರದ ಜೀವಿಗಳಿಗೆ ಕಾಣಿಸಿಕೊಳ್ಳುತ್ತಾನೆ. ಆ ಜೀವಿಯನ್ನು ದಿಟ್ಟಿಸಿದರೂ ಬುದ್ಧಿ ಕದಡುತ್ತದೆ. ಅಂದರೆ ಏನಾಯಿತು? ನೋಡಬೇಡ ಅಂತ ಆಟವೇ ಹೇಳುತ್ತಿದೆ. ಗೋಡೆಗೆ ಮುಖ ಹಾಕಿ ಮೂಲೆಯಲ್ಲಿ ಕೂತು, ಹೆಜ್ಜೆ ಹತ್ತಿರ ಬಂತೋ ದೂರ ಹೋಯಿತೋ ಅಂತ ಆಲಿಸುವುದೊಂದೇ ದಾರಿ. ಅದಕ್ಕೇ ಹೇಳಿದ್ದು, ಇದು ಕಿವಿಯಿಂದ ಆಡುವ ಆಟ.

ಆದರೆ ನಮ್ಮ ಹುಡುಗರು ಏನು ಮಾಡುತ್ತಾರೆ? ಒಂದು ಬಾಗಿಲು ತೆರೆಯಲಿಲ್ಲ ಅಂದ ಕೂಡಲೇ ಮೊಬೈಲ್ ತೆಗೆದು, ಬೇರೆಯವರು ಆಡಿ ದಾರಿ ತೋರಿಸುವ ವಾಕ್‌ಥ್ರೂ ವಿಡಿಯೋ ಹಾಕುತ್ತಾರೆ. ಭಯವಾಯಿತು ಅಂದ ಕೂಡಲೇ ಸೌಂಡ್ ಕಡಿಮೆ ಮಾಡಿ, ಬ್ರೈಟ್‌ನೆಸ್ ಏರಿಸುತ್ತಾರೆ. ಹಾಗೆ ಆಡಿ, ಎರಡು ಸಂಜೆಯಲ್ಲಿ ಮುಗಿಸಿ, ‘ಏನೂ ಹೆದರಿಕೆ ಆಗಲಿಲ್ಲ’ ಅನ್ನುತ್ತಾರೆ. ಹೇಗೆ ಆದೀತು, ಹೇಳಿ! ಊಟಕ್ಕೆ ಕೂತು ಮೂಗು ಹಿಡಿದುಕೊಂಡು, ಸಾರಿಗೆ ಘಮವೇ ಇಲ್ಲ ಅಂದ ಹಾಗಾಯಿತು. ದಯವಿಟ್ಟು ಹಾಗೆ ಮಾಡಬೇಡಿ.

ಇದನ್ನು ನನಗೆ ಮನದಟ್ಟು ಮಾಡಿಸಿದವರು ನನ್ನ ಅಮ್ಮ. ಆ ಕಥೆ ಹೇಳಲೇಬೇಕು.

ಮೂರು ಮಳೆಗಾಲದ ಹಿಂದೆ ಸಾಗರದ ನಮ್ಮ ಮನೆಯಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಕಪ್ಪು ಕನ್ನಡಕ, ಎರಡು ಗಂಟೆಗೊಮ್ಮೆ ಕಣ್ಣಿಗೆ ಹನಿ, ಟಿವಿ ನೋಡುವ ಹಾಗಿಲ್ಲ. ಹನಿ ಹಾಕಲಿಕ್ಕೆ ಅಂತ ನನ್ನ ತಂಗಿಯ ಮಗಳು ಕಾಲೇಜಿಗೆ ರಜೆ ಹಾಕಿ ಬಂದಿದ್ದಳು. ರಾತ್ರಿ ಊಟ ಮುಗಿದ ಮೇಲೆ ನಾವಿಬ್ಬರೂ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ನನ್ನ ಕೆಲಸದ ಎರಡು ಸ್ಪೀಕರುಗಳನ್ನು ಆಚೀಚೆ ಕೂರಿಸಿ ಈ ಆಟ ಶುರು ಮಾಡಿದೆವು. ಅಮ್ಮ ಗೋಡೆಗೊರಗಿ, ಕಂಬಳಿ ಹೊದ್ದು, ಪರದೆಗೆ ಬೆನ್ನು ಹಾಕಿ ಕೂತಿದ್ದರು. ನಿದ್ದೆ ಹೋಗಿದ್ದಾರೆ ಅಂತಲೇ ನಾವು ತಿಳಿದದ್ದು.

ಆಟದಲ್ಲಿ ಒಂದು ನೆಲಮಾಳಿಗೆ ಬರುತ್ತದೆ. ಮೊಣಕಾಲುದ್ದ ನೀರು. ಅಲ್ಲಲ್ಲಿ ಮರದ ಪೆಟ್ಟಿಗೆಗಳು ತಲೆ ಎತ್ತಿಕೊಂಡಿವೆ. ಆ ನೀರಿನಲ್ಲಿ ಒಂದು ಜೀವಿ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ. ನೀರು ಎಲ್ಲಿ ಚಿಮ್ಮುತ್ತದೋ ಅಲ್ಲಿ ಅದರ ಕಾಲಿದೆ ಅಂತ ಲೆಕ್ಕ. ನೀವು ಪೆಟ್ಟಿಗೆಯ ಮೇಲಿದ್ದರೆ ಅದು ಮುಟ್ಟುವುದಿಲ್ಲ, ಇಳಿದರೆ ಓಡಿ ಬರುತ್ತದೆ. ಇಲ್ಲಿ ಸ್ಟುಡಿಯೋಗೆ ಒಂದು ಬೋಗುಣಿ ನೀರು ತಂದಿದ್ದೇನೆ. ಸ್ವಲ್ಪ ಕೇಳಿಸಿಕೊಳ್ಳಿ.

(ಬೋಗುಣಿಯ ನೀರಿನಲ್ಲಿ ಅಂಗೈ ಬಡಿಯುವ ಸದ್ದು: ನಿಧಾನಕ್ಕೆ ಮೂರು ಸಲ, ತಡೆದು, ಬೇಗ ಬೇಗನೆ ಐದಾರು ಸಲ.)

ಮೊದಲಿನ ಮೂರು, ಅದು ಸುಮ್ಮನೆ ಅಡ್ಡಾಡುತ್ತಿದೆ. ಕೊನೆಯದು, ನಿಮ್ಮನ್ನು ಕಂಡಿದೆ. ನಾನು ಏನೂ ತೋರಿಸಲಿಲ್ಲ, ಆದರೂ ನಿಮಗೆ ಗೊತ್ತಾಯಿತು.

ನಮ್ಮ ಹುಡುಗಿ ನಾಲ್ಕು ಸಲ ಸತ್ತಳು. ಪ್ರತಿ ಸಲವೂ ಪರದೆಯನ್ನೇ ನೋಡುತ್ತಾ ನೀರೆಲ್ಲಿ ಚಿಮ್ಮುತ್ತಿದೆ ಅಂತ ಹುಡುಕುವುದು, ಅಷ್ಟರಲ್ಲಿ ಅದು ಹಿಂದಿನಿಂದ ಬಂದು ಹೊಡೆಯುವುದು. ಐದನೇ ಸಲಕ್ಕೆ ಮೊಬೈಲ್ ಕೈಗೆ ತಗೊಂಡಳು. ‘ಮಾವ, ಒಂದೇ ಒಂದು ವಿಡಿಯೋ ನೋಡ್ತೀನಿ’ ಅಂದಳು. ಆಗ ಹಿಂದಿನಿಂದ ಅಮ್ಮನ ದನಿ ಬಂತು.

‘ಅದು ಎಡಗಡೆ ಮೂಲೆಗೆ ಹೋಯ್ತಲ್ಲೇ ಕೂಸೇ. ನೀನ್ಯಾಕೆ ನಿಂತಿದೀಯ?’

ನಾವಿಬ್ಬರೂ ತಿರುಗಿ ನೋಡಿದೆವು. ಅಮ್ಮ ಕದಲಿರಲಿಲ್ಲ. ಹಾಗೇ ಕಪ್ಪು ಕನ್ನಡಕ ಹಾಕಿಕೊಂಡು ಅಂಗಳದ ಕಡೆ ಮುಖ ಮಾಡಿ ಕೂತಿದ್ದರು.

ಅಮ್ಮ ಹುಟ್ಟಿದ ಮನೆ ಗದ್ದೆಯ ಅಂಚಿನಲ್ಲಿತ್ತು. ಭತ್ತ ತೆನೆಗೆ ಬರುವ ಕಾಲದಲ್ಲಿ ಅವರ ಅಪ್ಪ ಮಾಳದಲ್ಲಿ ಕೂತು ರಾತ್ರಿಯಿಡೀ ಹಂದಿ ಕಾಯುತ್ತಿದ್ದರಂತೆ. ಊಟ ತಗೊಂಡು ಹೋದ ಮಗಳೂ ಅಲ್ಲೇ ಉಳಿಯುತ್ತಿದ್ದಳು. ಕತ್ತಲಲ್ಲಿ ಕೆಸರುಗದ್ದೆಗೆ ಇಳಿದದ್ದು ಹಂದಿಯೋ, ದನವೋ, ಮನುಷ್ಯನೋ ಅಂತ ನೀರಿನ ಸದ್ದಿನಲ್ಲೇ ಗೊತ್ತಾಗಬೇಕು. ದನ ಕಾಲನ್ನು ಎತ್ತಿ ಇಡುತ್ತದೆ, ಹಂದಿ ನೀರನ್ನು ಸೀಳಿಕೊಂಡು ಬರುತ್ತದೆ ಅಂತ ಅಮ್ಮ ಆ ರಾತ್ರಿ ಹೇಳಿದರು. ಇಷ್ಟು ವರ್ಷ ನಾನು ನಾಟಕಕ್ಕೆ ನೀರಿನ ಸದ್ದು ಮಾಡಿದ್ದೇನೆ, ಈ ವ್ಯತ್ಯಾಸ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಆಟ ಆಡಿದ್ದು ಅಮ್ಮನೇ. ಮೌಸ್ ಮಾತ್ರ ಹುಡುಗಿಯ ಕೈಯಲ್ಲಿತ್ತು. ‘ಈಗ ಇಳಿ’ ಅಂದರೆ ಇಳಿಯುವುದು, ‘ಹತ್ತು’ ಅಂದರೆ ಹತ್ತುವುದು. ಒಂದು ಕಡೆ ಚಕ್ರ ತಿರುಗಿಸಿ ಮುಂದಿನ ಬಾಗಿಲು ತೆರೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ನೀರಿನಲ್ಲೇ ನಿಂತಿರಬೇಕು. ಇವಳಿಗೆ ದಾರಿ ತೋಚಲಿಲ್ಲ. ಅಮ್ಮ ಕೇಳಿದರು, ‘ಅಲ್ಲಿ ತಿನ್ನೋದೇನಾದ್ರೂ ಇದೆಯಾ?’ ‘ಮಾಂಸದ ತುಂಡು ಇದೆ ಅಜ್ಜಿ.’ ‘ಮತ್ತೆ ಅದನ್ನ ಆಚೆ ಮೂಲೆಗೆ ಎಸಿ. ನಾಯಿ ಅಟ್ಟಿಸ್ಕೊಂಡು ಬಂದ್ರೆ ರೊಟ್ಟಿ ಚೂರು ಎಸೆದು ಓಡಲ್ವೇನೇ?’

ಎಸೆದಳು. ದೂರದಲ್ಲಿ ನೀರು ಕಲಕಿದ ಸದ್ದು, ಹರಿದು ತಿನ್ನುವ ಸದ್ದು. ಅಮ್ಮ ಒಂದು ಕೈ ಎತ್ತಿ ಹಿಡಿದಿದ್ದರು. ‘ತಿಂತಾ ಇದೆ... ತಿಂತಾ ಇದೆ... ಹೂಂ, ತಿರುಗಿಸು... ನಿಲ್ಲಿಸ್ತು! ಓಡು!’ ಆ ಬಾಗಿಲಿನ ಆಚೆ ಉದ್ದದ ಹಾದಿ. ಒಂದೊಂದೇ ಬಾಗಿಲು ತೆರೆದು, ದಾಟಿ, ಹಿಂದೆ ಮುಚ್ಚಿಕೊಳ್ಳುತ್ತಾ ಓಡಬೇಕು. ಹಿಂದೆ ಬಾಗಿಲುಗಳು ಒಡೆಯುತ್ತಿವೆ. ನಮ್ಮ ಹುಡುಗಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ. ಕೊನೆಗೆ ನೀರಿನಿಂದ ಮೇಲೆ ಬಂದು ಒಣ ಮೆಟ್ಟಿಲ ಮೇಲೆ ಹೆಜ್ಜೆ ಬಿದ್ದಾಗ, ‘ಸದ್ದು ಬದಲಾಯ್ತು, ಈಗ ಕಲ್ಲು’ ಅಂದು ಅಮ್ಮ ಕೈ ಇಳಿಸಿದರು. ಕಣ್ಣಿಗೆ ಹನಿ ಹಾಕುವ ಹೊತ್ತು ಮೀರಿ ಇಪ್ಪತ್ತು ನಿಮಿಷವಾಗಿತ್ತು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಮ್ಮ ಕೇಳಿದ ಪ್ರಶ್ನೆ ಇದು: ‘ಮಗಾ, ಆ ಹುಡುಗ ತಾನೇ ಮದ್ದು ಕುಡಿದು ಮರೆತ ಅಂದ್ಯಲ್ಲ, ಮರೆಯುವಂಥದ್ದು ಏನು ಮಾಡಿದ್ದ?’ ಆಟದ ತಿರುಳೇ ಅದು. ನಾನು ಹೇಳಲಿಲ್ಲ, ನಿಮಗೂ ಹೇಳುವುದಿಲ್ಲ.

ಸಮಯ ಓಡುತ್ತಿದೆ, ಪಝಲ್ ಅಂದರೆ ಆಟದೊಳಗಿನ ಒಗಟುಗಳ ಬಗ್ಗೆ ಹೇಳುವುದಿದೆ. ಇದರಲ್ಲಿ ಬಾಗಿಲು ತೆರೆಯಲು ಒಂದು ಬಟನ್ ಒತ್ತಿದರೆ ಸಾಲದು. ಮೌಸಿನಿಂದ ಬಾಗಿಲನ್ನು ಹಿಡಿದು ಎಳೆಯಬೇಕು, ತಳ್ಳಬೇಕು. ಬೆರಳಗಲ ತೆರೆದು ಇಣುಕಬಹುದು. ಜೋರಾಗಿ ಎಳೆದರೆ ಜೋರಾಗಿ ತೆರೆಯುತ್ತದೆ. ಪಝಲ್‌ಗಳೂ ಹಾಗೆಯೇ, ಕೈಗೆ ಸಿಗುವಂಥವು. ಮಾಂಸದಂಥ ಏನೋ ಬೆಳೆದು ಒಂದು ದಾರಿ ಮುಚ್ಚಿಹೋಗಿದೆ. ಅದನ್ನು ಕರಗಿಸಲು ಆಮ್ಲ ಬೇಕು. ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ ನಾಲ್ಕು ರಾಸಾಯನಿಕಗಳನ್ನು ಹುಡುಕಿ, ಪ್ರಯೋಗಶಾಲೆಗೆ ತಂದು ಬೆರೆಸಬೇಕು. ಇಷ್ಟೇ ಪಝಲ್. ಕಾಗದದ ಮೇಲೆ ಬರೆದರೆ ಐದನೇ ಕ್ಲಾಸಿನ ಮಗು ಬಿಡಿಸೀತು. ಆದರೆ ತಲೆಯ ಮೇಲಿನ ಮರದ ಹಲಗೆ ಕಿರ್ ಅನ್ನುತ್ತಿರುವಾಗ, ಡೇನಿಯಲ್ಲನ ಹಲ್ಲು ಕಟಕಟಿಸುತ್ತಿರುವಾಗ ಬಿಡಿಸಬೇಕಲ್ಲ, ಅಲ್ಲಿದೆ ಆಟ. ಬಿಡಿಸಿದ ಕೂಡಲೇ ಕದಡಿದ ಬುದ್ಧಿ ಮತ್ತೆ ತಿಳಿಯಾಗುತ್ತದೆ. ವಿಡಿಯೋ ನೋಡಿ ಬಿಡಿಸಿದರೆ ಡೇನಿಯಲ್ಲನ ಬುದ್ಧಿ ತಿಳಿಯಾದೀತು, ನಿಮ್ಮ ಎದೆ ಹಗುರಾಗುವುದಿಲ್ಲ.

‘ಸತ್ತರೆ ಮತ್ತೆ ಮೊದಲಿಂದ ಆಡಬೇಕಲ್ಲ’ ಅನ್ನುವವರಿಗೆ ಒಂದು ಗುಟ್ಟು. ಸತ್ತು ಮರಳಿ ಬಂದಾಗ ಆ ಜೀವಿ ಕೆಲವೊಮ್ಮೆ ಅಲ್ಲಿರುವುದೇ ಇಲ್ಲ. ಒಂದೇ ಜಾಗದಲ್ಲಿ ಹತ್ತು ಸಲ ಸತ್ತರೆ ಭಯ ಹೋಗಿ ಬೇಸರ ಬರುತ್ತದೆ ಅಂತ ಮಾಡಿದವರಿಗೆ ಗೊತ್ತು. ಆಟದ ಆರಂಭದಲ್ಲೇ ಅವರು ಬರೆದಿದ್ದಾರೆ, ಇದನ್ನು ಗೆಲ್ಲಲಿಕ್ಕೆ ಆಡಬೇಡಿ ಅಂತ. ಹೆಡ್‌ಫೋನ್ ಹಾಕಿಕೊಳ್ಳಿ, ಕೋಣೆ ಕತ್ತಲು ಮಾಡಿ ಅಂತಲೂ ಕೇಳಿಕೊಂಡಿದ್ದಾರೆ. ಅದನ್ನು ಓದದೆ ಒತ್ತಿ ಮುಂದೆ ಹೋಗುತ್ತೀರಿ. ಓದಿ, ದಯವಿಟ್ಟು.

ಇನ್ನು ಎರಡೇ ನಿಮಿಷ ಅಂತ ಗಾಜಿನಾಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಮಿಕ್ಕೊ ತಾರ್ಮಿಯಾ ಅವರು ಈ ಆಟಕ್ಕೆ ಮಾಡಿದ ಸಂಗೀತದ ಬಗ್ಗೆ ಹೇಳಬೇಕೆಂದಿದ್ದೆ, ಆಗುವುದಿಲ್ಲ. ಇದೇ ಕಂಪನಿಯವರ ‘ಸೋಮಾ’ 2015ರದ್ದು, ಸಮುದ್ರದ ತಳದಲ್ಲಿ ನಡೆಯುವ ಕಥೆ. ಜೀವಿಗಳ ಕಾಟ ಬೇಡ, ಕಥೆ ಸಾಕು ಅನ್ನುವವರಿಗೆ ಅದರಲ್ಲಿ ಸೇಫ್ ಮೋಡ್ ಇದೆ, ಹೊಸಬರು ಅಲ್ಲಿಂದ ಶುರು ಮಾಡಬಹುದು. ಮತ್ತೊಂದು, 2023ರ ‘ಅಮ್ನೀಸಿಯಾ: ದಿ ಬಂಕರ್’. ಮೊದಲ ಮಹಾಯುದ್ಧದ ಕಾಲ, ಒಬ್ಬ ಫ್ರೆಂಚ್ ಸೈನಿಕ, ಒಂದು ನೆಲಮಾಳಿಗೆ. ಇದರಲ್ಲಿ ಟಾರ್ಚಿಗೆ ಬ್ಯಾಟರಿಯಿಲ್ಲ, ಹಗ್ಗ ಎಳೆದು ಚಾಲೂ ಮಾಡಬೇಕು. ಎಳೆದಾಗ ಗರ್ರ್ ಅನ್ನುತ್ತದೆ. ಆ ಸದ್ದಿಗೇ ಅಲ್ಲಿ ಓಡಾಡುವ ಜೀವಿ ಬರುತ್ತದೆ! ಬೆಳಕು ಬೇಕೆಂದರೆ ಸದ್ದು ಮಾಡಬೇಕು, ಸದ್ದು ಮಾಡಿದರೆ ಸಿಕ್ಕಿಬೀಳಬೇಕು. ಈ ಆಟದಲ್ಲಿ ನಿಮಗೆ ಕಿವಿಯಿದೆ, ಅದಕ್ಕೂ ಕಿವಿಯಿದೆ. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ್ದನ್ನು ಸೌಂಡ್ ಆಫ್ ಮಾಡಿ ಆಡುತ್ತಾರೆ ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳು ಇಂಥ ಆಟ ಆಡುವಾಗ ಬೈಯಬೇಡಿ, ಹಿಂದೆ ಒಂದು ಕುರ್ಚಿ ಹಾಕಿಕೊಂಡು ಕೂತು ಕೇಳಿಸಿಕೊಳ್ಳಿ. ಪರದೆ ನೋಡುವುದೇ ಬೇಡ.

ಆಡುವವರಿಗೆ, ಇವತ್ತು ರಾತ್ರಿಗೆ ಇಷ್ಟು ಮಾಡಿ. ಮೊಬೈಲ್ ಬೇರೆ ಕೋಣೆಯಲ್ಲಿಡಿ. ಫ್ಯಾನ್ ಆರಿಸಿ, ಅದರ ಗುಂಯ್‌ಗುಡುವಿಕೆ ಸಣ್ಣ ಸದ್ದುಗಳನ್ನೆಲ್ಲ ನುಂಗುತ್ತದೆ. ಆಟ ಶುರುವಾಗಿ ಡೇನಿಯಲ್ ಎದ್ದು ನಿಂತ ಮೇಲೆ ಐದು ನಿಮಿಷ ಎಲ್ಲಿಗೂ ಹೋಗಬೇಡಿ. ಅಲ್ಲೇ ನಿಂತು ಆ ಕೋಟೆಯನ್ನು ಕೇಳಿ, ಗಾಳಿ ಯಾವ ಕಡೆಯಿಂದ ಬರುತ್ತಿದೆ, ಬಾಗಿಲು ಯಾವ ಕಡೆ ಬಡಿಯಿತು ಅಂತ. ಹೆಡ್‌ಫೋನ್ ಇಲ್ಲದಿದ್ದರೆ ಪಕ್ಕದ ರೂಮಿನವರ ಹತ್ತಿರ ಎರವಲು ತನ್ನಿ.

ನಮಸ್ಕಾರ.